ತುರ್ಕಿಕ್ ದೇಶಗಳ ಸಂಘಟನೆ: ಭಾನುವಾರದ ಚರ್ಚೆಗೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಚರ್ಚೆಗೆ ಮೊದಲು ಒಂದು ವಿನಂತಿ, ಈ ಸಂಘಟನೆಯನ್ನು ಹೊಸ ನೇಟೋ (ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟ) ಅನ್ನುವ ಫಾರ್ವರ್ಡ್‌ಗಳನ್ನು ಸುಮ್ನೆ ಹಾಕಬೇಡಿ. ಟರ್ಕಿಶ್‌ಗೆ ಹತ್ತಿರದ ತುರ್ಕಿಕ್ ಭಾಷೆಗಳನ್ನಾಡುವ ದೇಶಗಳ ಕೂಟ ಇದು, ಅಜರ್‌ಬೈಜಾನಿನ ನಖ್ಚಿವಾನ್‌ನಲ್ಲಿ ಆದ 2009ರ ಒಪ್ಪಂದದಿಂದ ಹುಟ್ಟಿದ್ದು. ಟರ್ಕಿ, ಅಜರ್‌ಬೈಜಾನ್, ಕಜಕಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ ಸದಸ್ಯರು. ಒಬ್ಬರ ಮೇಲೆ ದಾಳಿಯಾದರೆ ಎಲ್ಲರೂ ಯುದ್ಧಕ್ಕೆ ಬರಬೇಕು ಅನ್ನುವ ಕರಾರು ಇದರಲ್ಲಿಲ್ಲ. ಪರಸ್ಪರ ನೆರವಿನ ಮಾತಿರುವುದು ಟರ್ಕಿ ಮತ್ತು ಅಜರ್‌ಬೈಜಾನ್ ಮಾಡಿಕೊಂಡ 2021ರ ಶುಶಾ ಘೋಷಣೆಯಲ್ಲಿ. ಕಜಕಸ್ತಾನ, ಕಿರ್ಗಿಸ್ತಾನ ಎರಡೂ ರಷ್ಯಾ ಮುಂದಾಳತ್ವದ ಸೇನಾ ಒಕ್ಕೂಟದಲ್ಲೂ ಇವೆ, ಇದನ್ನು ಮರೆತರೆ ಚರ್ಚೆ ದಾರಿ ತಪ್ಪುತ್ತದೆ ಅಲ್ವಾ? ನನಗೆ ಜಾಸ್ತಿ ಮುಖ್ಯ ಅನ್ನಿಸುವುದು 2024ರಲ್ಲಿ ಬಾಕುವಿನಲ್ಲಿ ಒಪ್ಪಿಕೊಂಡ ತುರ್ಕಿಕ್ ಭಾಷೆಗಳಿಗೆಲ್ಲ ಸಾಮಾನ್ಯವಾದ 34 ಅಕ್ಷರಗಳ ಲ್ಯಾಟಿನ್ ಲಿಪಿ, ಯಾಕೆಂದರೆ ಸೋವಿಯತ್ ಕಾಲದಲ್ಲಿ ಒಂದೊಂದು ಭಾಷೆಗೂ ಬೇರೆ ಬೇರೆ ರೂಪದ ಸಿರಿಲಿಕ್ (ರಷ್ಯನ್ ಬರೆಯುವ ಲಿಪಿ) ಹೇರಿದ್ದರು. ಲಿಂಕ್ ಹಾಕುವವರು ದಿನಾಂಕ ನೋಡಿ ಹಾಕಿ.