ಆ ನೋಟ್‌ಬುಕ್ ಎಲ್ಲಿ ಹೋಯಿತು?

ಪ್ರೀತಿಯ ಹುಡುಗಿಗೆ,

ನಿನ್ನ ಹಸ್ತಪ್ರತಿ ಓದಿದೆ, ಜೊತೆಗಿಟ್ಟಿದ್ದ ಕಾಗದವನ್ನೂ ಓದಿದೆ. ‘ಬರೆಯೋದನ್ನೇ ಬಿಟ್ಟುಬಿಡಲಾ ಮೇಡಂ’ ಅಂತ ಕೇಳಿದ್ದೀಯ. ಬಿಡುವವರು ಯಾರನ್ನೂ ಕೇಳುವುದಿಲ್ಲ, ಸುಮ್ಮನೆ ಬಿಡುತ್ತಾರೆ. ಆ ಮಾತು ಅಲ್ಲಿಗೆ ಮುಗಿಯಿತು. ಪ್ರಕಾಶಕರು ಯಾರು, ಮುನ್ನುಡಿ ಯಾರಿಂದ, ಅಧ್ಯಾಯ ಎಷ್ಟುದ್ದ ಅನ್ನುವುದನ್ನೆಲ್ಲ ನಿನ್ನ ಓರಗೆಯವರನ್ನು ಕೇಳಿಕೋ.

ಎರಡನೇ ಮಹಾಯುದ್ಧದಲ್ಲಿ ಜರ್ಮನರ ಹಿಡಿತದಲ್ಲಿದ್ದ ಪ್ಯಾರಿಸ್ಸಿನಿಂದ ಬ್ರಿಟನ್ನಿಗೆ ಗುಟ್ಟಾಗಿ ರೇಡಿಯೋ ಸಂದೇಶ ಕಳಿಸಿದ ಗೂಢಚಾರಿಣಿ ನೂರ್ ಇನಾಯತ್ ಖಾನ್ ಬಗ್ಗೆ ಕನ್ನಡದಲ್ಲಿ ಕಾದಂಬರಿ ಬರೆಯಲು ಹೊರಟಿದ್ದೀಯಲ್ಲ, ಅದೇ ನನಗೆ ಖುಷಿ. ಆದರೆ 1943ರ ಪ್ಯಾರಿಸ್ಸಿನ ಕಥೆ 1799ರ ಶ್ರೀರಂಗಪಟ್ಟಣದಲ್ಲಿ ಯಾಕಮ್ಮ ಶುರುವಾಗಬೇಕು? ಅವಳು ಟಿಪ್ಪುವಿನ ವಂಶದವಳು, ನಿಜ. ಅವಳ ತಂದೆಯ ತಾಯಿಯ ಕಡೆಯಿಂದ ಬಂದ ನಂಟು ಅದು. ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಬಹುದಿತ್ತು. ನೀನು ಅವಳು ಧೈರ್ಯ ತೋರಿಸಿದಾಗಲೆಲ್ಲ ‘ಹುಲಿಯ ರಕ್ತ’ವನ್ನು ಕುದಿಸಿದ್ದೀಯ. ಹುಟ್ಟಿದ್ದು ಮಾಸ್ಕೋದಲ್ಲಿ, ತಾಯಿ ಅಮೆರಿಕದವಳು, ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. ಹದಿಮೂರನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿ ದುಃಖದಲ್ಲಿ ಮೂಲೆ ಹಿಡಿದಾಗ ಮೂವರು ತಮ್ಮ ತಂಗಿಯರನ್ನು ನೋಡಿಕೊಂಡವಳು ಈ ಹುಡುಗಿ. ಧೈರ್ಯ ಎಲ್ಲಿಂದ ಬಂತು ಅಂತ ಹುಡುಕುವುದಾದರೆ ಆ ಮನೆಯೊಳಗೆ ಹೋಗು. ನಿನ್ನ ಪುಸ್ತಕದಲ್ಲಿ ಆ ಮನೆಗೆ ಎರಡು ಪ್ಯಾರಾ, ಟಿಪ್ಪುವಿನ ಕುದುರೆಗೆ ನಾಲ್ಕು ಪುಟ!

ಸಿಟ್ಟು ಮಾಡಿಕೊಳ್ಳಬೇಡ. ಅವಳು ಮತ್ತೆ ಮತ್ತೆ ಕೂದಲಿಗೆ ಬಣ್ಣ ಹಚ್ಚಿಕೊಂಡು, ಸೂಟ್‌ಕೇಸಿನಲ್ಲಿ ರೇಡಿಯೋ ಹೊತ್ತು ಮನೆಯಿಂದ ಮನೆಗೆ ಅಲೆಯುವ ಭಾಗ ಬಹಳ ಚೆನ್ನಾಗಿದೆ. ಆ ಪೆಟ್ಟಿಗೆಯ ಭಾರ ನನ್ನ ತೋಳಿಗೂ ತಾಗಿತು. ಅಷ್ಟು ಬರೆಯಬಲ್ಲವಳು ಉಳಿದ ಕಡೆ ಯಾಕೆ ಭಜನೆಗೆ ಕೂತೆ ಅನ್ನುವುದೇ ನನ್ನ ತಕರಾರು. ಉತ್ಸವಮೂರ್ತಿಗೆ ಹಾರದ ಮೇಲೆ ಹಾರ ಹಾಕಿ ಮುಖವೇ ಕಾಣದ ಹಾಗೆ ಮಾಡುತ್ತಾರಲ್ಲ, ಹಾಗೆ ಮಾಡಿದ್ದೀಯ.

ಗೂಢಚರ್ಯೆಯ ತರಬೇತಿ ಕೊಟ್ಟ ಬ್ರಿಟಿಷರು ಅವಳ ಬಗ್ಗೆ ಬರೆದ ವರದಿ ನಿನಗೆ ಗೊತ್ತಿಲ್ಲದೆ ಏನಿಲ್ಲ. ಬುದ್ಧಿಯ ಭಾರ ಅಷ್ಟೇನೂ ಇಲ್ಲ, ಸ್ವಭಾವ ಚಂಚಲ, ಈ ಕೆಲಸಕ್ಕೆ ಹೊಂದುತ್ತಾಳೋ ಇಲ್ಲವೋ ಅನುಮಾನ ಅನ್ನುವ ಅರ್ಥದ ಮಾತುಗಳಿವೆ ಅದರಲ್ಲಿ. ಬಂದೂಕಿನ ಸದ್ದಿಗೆ ಬೆಚ್ಚುತ್ತಿದ್ದಳು. 1939ರಲ್ಲಿ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವಳು, ಸುಳ್ಳು ಹೇಳಬಾರದು ಅನ್ನುವ ಮನೆಯಲ್ಲಿ ಬೆಳೆದವಳು. ಅಂಥವಳನ್ನು 1943ರ ಜೂನ್ 16ರ ರಾತ್ರಿ ಪುಟ್ಟ ಲೈಸ್ಯಾಂಡರ್ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಿದರು. ವಾರ ಹತ್ತು ದಿನದಲ್ಲಿ ಅವಳು ಸೇರಬೇಕಿದ್ದ ಗೂಢಚಾರರ ಜಾಲವೇ ಜರ್ಮನರ ಕೈಗೆ ಸಿಕ್ಕಿತು. ವಾಪಸ್ಸು ಬಾ ಎಂದರೂ ಬರಲಿಲ್ಲ. ಅಕ್ಟೋಬರಿನವರೆಗೂ ಪ್ಯಾರಿಸ್ಸಿನಿಂದ ಲಂಡನ್ನಿಗೆ ಸುದ್ದಿ ಕಳಿಸುತ್ತಲೇ ಇದ್ದಳು. ಆ ವರದಿಯನ್ನು ಎದುರಿಗಿಟ್ಟುಕೊಂಡು ಓದಿದರೆ ತಾನೇ ಇದರ ಬೆಲೆ ತಿಳಿಯುವುದು? ನೀನು ವರದಿಯನ್ನೇ ಮುಚ್ಚಿಟ್ಟೆ.

ಅದಕ್ಕಿಂತ ದೊಡ್ಡದನ್ನೂ ಮುಚ್ಚಿಟ್ಟಿದ್ದೀಯ. ನೋಟ್‌ಬುಕ್ ಎಲ್ಲಿ? ಕಳಿಸಿದ, ಬಂದ ಸಂದೇಶಗಳನ್ನೆಲ್ಲ ಅವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು, ಗುಪ್ತಲಿಪಿಯಲ್ಲೂ ಬಿಡಿಸಿದ ರೂಪದಲ್ಲೂ. ಮೇಲಿನವರ ಸೂಚನೆಯನ್ನು ತಪ್ಪು ತಿಳಿದು ಹಾಗೆ ಮಾಡಿದಳು ಎನ್ನುತ್ತಾರೆ. ಅಕ್ಟೋಬರಿನಲ್ಲಿ ಜರ್ಮನರು ಅವಳನ್ನು ಹಿಡಿದಾಗ ಅವಳ ಜೊತೆ ಅದೂ ಸಿಕ್ಕಿತು. ಜರ್ಮನರು ವಿಚಾರಣೆ ಮಾಡುತ್ತಿದ್ದ ಪ್ಯಾರಿಸ್ಸಿನ ಅವೆನ್ಯೂ ಫೋಶ್‌ನ 84ನೇ ನಂಬರಿನ ಕಟ್ಟಡದಲ್ಲಿ ಎಷ್ಟು ಕೇಳಿದರೂ ಅವಳು ಬಾಯಿಬಿಡಲಿಲ್ಲ. ಓಡಿಹೋಗಲು ನೋಡಿದಳು, ಸಿಕ್ಕಿಬಿದ್ದಳು, ಮತ್ತೆ ಚಾವಣಿ ಹತ್ತಿ ಓಡಿದಳು. ಇನ್ನು ಓಡುವುದಿಲ್ಲ ಅಂತ ಬರೆದುಕೊಡು ಅಂದರೆ ಒಲ್ಲೆ ಅಂದಳು. ಇದನ್ನೆಲ್ಲ ನೀನು ಹುರುಪಿನಿಂದ ಬರೆದಿದ್ದೀಯ. ಅತ್ತ ಜರ್ಮನರು ಆ ನೋಟ್‌ಬುಕ್ ನೋಡಿಕೊಂಡು ಅವಳದೇ ಧಾಟಿಯಲ್ಲಿ ಲಂಡನ್ನಿಗೆ ಸಂದೇಶ ಕಳಿಸುತ್ತಿದ್ದರು. ಲಂಡನ್ನಿನವರು ನಂಬಿದರು, ಆ ಪಾಪ ಅವರದು. ನಂಬಿ, 1944ರ ಫೆಬ್ರವರಿ ಕೊನೆಯಲ್ಲಿ ಶಾರ್ತ್ರ್ ಹತ್ತಿರ ಪ್ಯಾರಾಚೂಟಿನಲ್ಲಿ ತಮ್ಮ ಮೂವರು ಗೂಢಚಾರರನ್ನು ಇಳಿಸಿದರು. ಕೆಳಗೆ ಜರ್ಮನರ ಗುಪ್ತ ಪೊಲೀಸ್ ಗೆಸ್ಟಾಪೋ ಕಾಯುತ್ತಿತ್ತು. ಅವರಲ್ಲೊಬ್ಬಳು ಮಾಡ್ಲೆನ್ ಡಾಮರ್ಮಾ. ‘ಮಾಡ್ಲೆನ್’ ಅನ್ನುವುದು ನೂರ್‌ಳ ಗುಪ್ತನಾಮ ಬೇರೆ!

ಈಗ 1944ರ ಸೆಪ್ಟೆಂಬರಿಗೆ ಬಾ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಹತ್ತು ತಿಂಗಳು ಕೈಕಾಲಿಗೆ ಸರಪಳಿ ಹಾಕಿಸಿಕೊಂಡಿದ್ದವಳನ್ನು ಹೊರಗೆ ತಂದರು. ಅಲ್ಲಿ ಊಟದ ಪಾತ್ರೆಯ ತಳದಲ್ಲಿ ತನ್ನ ಹೆಸರು, ಲಂಡನ್ನಿನ ವಿಳಾಸ ಗೀಚಿ ಬೇರೆ ಕೈದಿಗಳಿಗೆ ತಿಳಿಸಿದ್ದಳು. ಕಾರ್ಲ್ಸ್‌ರೂಹೆ ಊರಿನಿಂದ ಡಾಖಾವ್ ಅನ್ನುವ ನಾಜಿ ಸೆರೆಶಿಬಿರದ ಕಡೆಗೆ ರೈಲು. ಜೊತೆಗೆ ಇನ್ನು ಮೂವರು ಹೆಂಗಸರು: ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮತ್ತೆ ಅದೇ ಮಾಡ್ಲೆನ್ ಡಾಮರ್ಮಾ. 13ರ ಬೆಳಿಗ್ಗೆ ನಾಲ್ವರನ್ನೂ ಕೊಂದರು.

ಆ ರೈಲು ನಿನ್ನ ಪುಸ್ತಕದಲ್ಲಿ ಮೂರು ಸಾಲು! ಒಬ್ಬಳ ಹೆಸರಿನಲ್ಲಿ ಹೋದ ಸಂದೇಶದಿಂದ ಸಿಕ್ಕಿಬಿದ್ದವಳು ಅವಳ ಜೊತೆಗೇ ಕೂತಿದ್ದಾಳೆ. ಇಬ್ಬರಿಗೂ ಏನೇನು ಗೊತ್ತಿತ್ತು? ಗೊತ್ತಿದ್ದರೆ ಯಾರು ಮೊದಲು ಮಾತಾಡಿದರು? ಹೊರಗೆ ಹೊಲಗದ್ದೆ ಹಿಂದೆ ಸರಿಯುತ್ತಿದ್ದಾಗ ನೂರ್ ಆ ಮುಖವನ್ನು ನೋಡಿದಳೋ, ಕಿಟಕಿ ನೋಡಿದಳೋ? ಇತಿಹಾಸಕಾರರು ಇಲ್ಲಿಗೆ ನಿಲ್ಲಬೇಕು, ಕಾದಂಬರಿಕಾರ್ತಿ ಇಲ್ಲಿಂದ ಹೊರಡಬೇಕು. ನೀನು ಅವರಿಗಿಂತ ಮೊದಲೇ ಇಳಿದುಬಿಟ್ಟೆ, ಯಾಕೆಂದರೆ ನೋಟ್‌ಬುಕ್ ತಂದರೆ ನಾಯಕಿಗೆ ಕಳಂಕ ಬರುತ್ತದೆ ಅಂತ ಹೆದರಿದೆ.

ಈ ಹೆದರಿಕೆಯನ್ನು ನಿನಗೆ ಯಾರು ಹೇಳಿಕೊಟ್ಟರೋ ನನಗೆ ಗೊತ್ತು. ನನ್ನ ಕಾಲದಲ್ಲೂ ಇದ್ದರು. ಚಳವಳಿಯ ಕರಪತ್ರ ಬಚ್ಚಿಟ್ಟ ಹೆಂಗಸೊಬ್ಬಳ ಕಥೆ ಬರೆದಿದ್ದೆ. ಪೊಲೀಸರು ಬಾಗಿಲು ಬಡಿದಾಗ ಅವಳು ಸೀರೆ ಒದ್ದೆ ಮಾಡಿಕೊಳ್ಳುತ್ತಾಳೆ, ಆಮೇಲೆ ಹೋಗಿ ಬಾಗಿಲು ತೆಗೆಯುತ್ತಾಳೆ. ಸಂಪಾದಕ ಮಹಾಶಯರು ಆ ಸಾಲು ತೆಗೆದು ‘ಸಿಂಹಿಣಿಯಂತೆ ಎದ್ದು ನಿಂತಳು’ ಅಂತ ಸೇರಿಸಿ ಅಚ್ಚು ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಆ ಕಥೆಗೆ ಬಂದಷ್ಟು ಮೆಚ್ಚುಗೆಯ ಪತ್ರ ಬೇರೆ ಯಾವುದಕ್ಕೂ ಬರಲಿಲ್ಲ, ಬಹಳ ಜನ ಆ ಸಿಂಹಿಣಿಯನ್ನೇ ಹೊಗಳಿದ್ದರು. ಆ ಮನುಷ್ಯ ಈಗಿಲ್ಲ. ನನ್ನ ಸಿಟ್ಟು ಇದೆ.

ಇನ್ನು ಕೊನೆಯ ಭಾಷಣ. ಅವಳು ಸಾಯುವ ಮುಂಚೆ ‘ಲಿಬೆರ್ತೆ’, ಅಂದರೆ ಫ್ರೆಂಚಿನಲ್ಲಿ ‘ಸ್ವಾತಂತ್ರ್ಯ’, ಅಂದಳು ಅನ್ನುವುದೇ ಒಬ್ಬರಿಂದೊಬ್ಬರು ಕೇಳಿ ಬಂದ ಮಾತು. ಒಂದು ಪದ. ಅದನ್ನು ನೀನು ಒಂದೂವರೆ ಪುಟ ಮಾಡಿದ್ದೀಯ, ನಡುವೆ ತಾಯ್ನಾಡಿನ ಮಣ್ಣೂ ಬರುತ್ತದೆ. ಯಾವ ತಾಯ್ನಾಡು? ಅದನ್ನು ತೆಗೆದುಹಾಕು.

ಶ್ರೀರಂಗಪಟ್ಟಣದ ಅಧ್ಯಾಯ ಬಿಡಲು ಸಂಕಟವಾಗುತ್ತದೆ, ಗೊತ್ತು, ಗದ್ಯ ಚೆನ್ನಾಗಿದೆ. ಬೇರೆ ಫೈಲಿನಲ್ಲಿ ಇಟ್ಟುಕೋ. ಹಸ್ತಪ್ರತಿ ಈ ವಾರ ಕೊರಿಯರ್ ಮಾಡಿಸುತ್ತೇನೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬೈದಿದ್ದೀನಿ, ಅಳಿಸಿಕೊಳ್ಳಬಹುದು. ರೈಲಿನ ಅಧ್ಯಾಯ ಆದ ಮೇಲೆ ಅದೊಂದನ್ನೇ ಕಳಿಸು, ಇಡೀ ಕಟ್ಟು ಬೇಡ. ಕಣ್ಣಿನ ಆಪರೇಷನ್ ಇದೆ, ಅದಕ್ಕೆ ಮುಂಚೆ ಬಂದರೆ ಒಳ್ಳೆಯದು. ಅಕ್ಷರ ಸ್ವಲ್ಪ ದಪ್ಪಗಿರಲಿ.

ಆಶೀರ್ವಾದಗಳೊಂದಿಗೆ,
ನಿನ್ನ ಮೇಡಂ