ಮೊಡವೆ ಔಷಧಕ್ಕೆ ಮೂರು ವಾರ ಸಾಲದು

ಮಾನ್ಯ ಸಂಪಾದಕರೇ,

ಹರೆಯದ ಮಕ್ಕಳ ಮೊಡವೆ ವಾಸಿಯಾಗದಿದ್ದರೆ ಎಲ್ಲರೂ ಔಷಧವನ್ನೇ ದೂರುತ್ತಾರೆ. ಆದರೆ ಎಷ್ಟೋ ಸಲ ಹಚ್ಚುವ ರೀತಿಯೇ ತಪ್ಪಿರುತ್ತದೆ, ಇಲ್ಲವೇ ಗುಣ ಕಾಣುವ ಮುನ್ನವೇ ಟ್ಯೂಬು ಮೂಲೆ ಸೇರಿರುತ್ತದೆ. ಆಮೇಲೆ ಯಾರೋ ಹೇಳಿದ ಇನ್ನೊಂದು ಕ್ರೀಮು ಕೈಗೆ ಬರುತ್ತದೆ. ಅನಾಹುತ ಶುರುವಾಗುವುದು ಅಲ್ಲಿಂದ.

ಮೊಡವೆ ಕೊಳೆಯಿಂದ ಬರುವುದಲ್ಲ. ಹರೆಯದಲ್ಲಿ ಆಂಡ್ರೋಜನ್ ಹಾರ್ಮೋನು ಏರಿದಾಗ ಚರ್ಮದ ಎಣ್ಣೆ ಗ್ರಂಥಿಗಳು ಹಿಗ್ಗಿ ಜಿಡ್ಡು ಹೆಚ್ಚು ಸುರಿಸುತ್ತವೆ. ರೋಮರಂಧ್ರದ ಒಳಗಿನ ಸತ್ತ ಕೋಶಗಳು ಉದುರಿಹೋಗದೆ ಆ ಜಿಡ್ಡಿಗೆ ಅಂಟಿ ಬಿರಡೆಯಂತೆ ಕೂರುತ್ತವೆ. ಅದರ ಹಿಂದೆ ಬ್ಯಾಕ್ಟೀರಿಯಾ ಬೆಳೆದು, ಊದಿಕೊಂಡು, ಕೆಂಪು ಗುಳ್ಳೆಯೋ ಕೀವಿನ ಗುಳ್ಳೆಯೋ ಏಳುತ್ತದೆ. ಬ್ಲ್ಯಾಕ್‌ಹೆಡ್‌ನ ಕಪ್ಪು ತುದಿಯೂ ಕೊಳೆಯಲ್ಲ, ಗಾಳಿಗೆ ತೆರೆದುಕೊಂಡು ಕಪ್ಪಾದ ಬಿರಡೆ. ಸ್ಕ್ರಬ್ ಹಾಕಿ ತಿಕ್ಕಿದಷ್ಟೂ ಉರಿಯೂತ ಹೆಚ್ಚುತ್ತದೆ. ದಿನಕ್ಕೆ ಎರಡು ಸಲ, ಬೆವರಿದ ಮೇಲೆ ಇನ್ನೊಂದು ಸಲ, ಸೌಮ್ಯವಾದ ಫೇಸ್‌ವಾಶ್ ಹಚ್ಚಿ ಬೆರಳಿನಿಂದಲೇ ತೊಳೆದರೆ ಸಾಕು.

ಬಿರಡೆ ಕಟ್ಟತೊಡಗಿ ಅದು ಕಣ್ಣಿಗೆ ಕಾಣುವ ಮೊಡವೆಯಾಗಲು ವಾರಗಳೇ ಹಿಡಿಯುತ್ತವೆ. ಇವತ್ತು ಎದ್ದಿರುವ ಗುಳ್ಳೆಯ ಪಕ್ಕದಲ್ಲೇ, ನೋಡಲು ನುಣ್ಣಗಿರುವ ಚರ್ಮದೊಳಗೆ, ಮುಂದಿನವು ತಯಾರಾಗುತ್ತಿರುತ್ತವೆ. ಆದ್ದರಿಂದ ಬಿರಡೆ ಕಟ್ಟದಂತೆ ತಡೆಯುವ ಅಡಾಪಲೀನ್ ಜೆಲ್ಲನ್ನು ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಡುವುದು ವ್ಯರ್ಥ, ಮೊಡವೆ ಏಳುವ ಜಾಗಕ್ಕೆಲ್ಲ ಸವರಬೇಕು. ಸಾಮಾನ್ಯವಾಗಿ ಶೇ 0.1ರ ಜೆಲ್ಲಿನಿಂದ ಆರಂಭ. ರಾತ್ರಿ ಮುಖ ತೊಳೆದು, ಒತ್ತಿ ಒರೆಸಿ, 15–20 ನಿಮಿಷ ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟೇ ಸಾಕು. ಹಣೆ, ಮೂಗು, ಎರಡು ಕೆನ್ನೆ, ಗದ್ದದ ಮೇಲೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ರೆಪ್ಪೆ, ಮೂಗಿನ ಸಂದಿ, ತುಟಿಯ ಅಂಚು ಬೇಡ. ಮೊದಲ ಎರಡು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಚ್ಚಿ. ಮೇಲೆ ರಂಧ್ರ ಕಟ್ಟದಂಥ ಮಾಯಿಶ್ಚರೈಸರ್, ಹಗಲಲ್ಲಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್.

ಎರಡರಿಂದ ನಾಲ್ಕನೇ ವಾರದ ನಡುವೆ ಸಿಪ್ಪೆ ಏಳಬಹುದು, ಕೆಂಪಾಗಬಹುದು, ಕೆಲವರಿಗೆ ಗುಳ್ಳೆ ಮೊದಲಿಗಿಂತ ಹೆಚ್ಚೂ ಕಾಣಬಹುದು. ಮಕ್ಕಳು ಬಿಟ್ಟುಬಿಡುವುದು ಸರಿಯಾಗಿ ಆಗಲೇ. ದಯವಿಟ್ಟು ಬಿಡಬೇಡಿ. ಉರಿ ಹೆಚ್ಚಾದರೆ ಎರಡು ದಿನ ಬಿಡುವು ಕೊಟ್ಟು ಮತ್ತೆ ಶುರು ಮಾಡಿ. ತೀರ್ಪು 12 ವಾರದ ಮೇಲೆ.

ಕೀವಿನ ಗುಳ್ಳೆಗಳಿದ್ದರೆ ಬೆಳಿಗ್ಗೆ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಿ. ಶೇ 2.5ರದ್ದೇ ಶೇ 10ರಷ್ಟು ಕೆಲಸ ಮಾಡುತ್ತದೆ, ಉರಿ ಕಡಿಮೆ. ಬಣ್ಣದ ಟವೆಲ್, ದಿಂಬಿನ ಹೊದಿಕೆಯ ಬಣ್ಣ ಹೋಗುತ್ತದೆ, ಬಿಳಿಯದನ್ನೇ ಬಳಸಿ. ಬೆಂಜಾಯ್ಲ್ ಪೆರಾಕ್ಸೈಡ್‌ಗೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಕ್ಲಿಂಡಮೈಸಿನ್ ಎಂಬ ಹಚ್ಚುವ ಆ್ಯಂಟಿಬಯಾಟಿಕ್‌ಗೆ ಬೆಳೆಸಿಕೊಳ್ಳುತ್ತದೆ, ಹಾಗಾಗಿ ಅದನ್ನು ಒಂಟಿಯಾಗಿ ಹಚ್ಚಬಾರದು. ವೈದ್ಯರು ಡಾಕ್ಸಿಸೈಕ್ಲಿನ್ ಎಂಬ ನುಂಗುವ ಆ್ಯಂಟಿಬಯಾಟಿಕ್ ಬರೆದಿದ್ದರೆ ಲೋಟ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ.

ಇನ್ನು ಆ ‘ಇನ್ನೊಂದು ಕ್ರೀಮು’. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಕೆಲವೇ ದಿನಗಳಲ್ಲಿ ಕೆಂಪು ಇಳಿದು ಮುಖ ತಿಳಿಯಾಗುತ್ತದೆ, ನಂಬಿಕೆ ಹುಟ್ಟುವುದೂ ಅದಕ್ಕೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳ ಜಾಲ ಕಾಣುತ್ತದೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ, ಒಂದೇ ಅಳತೆಯ ಗುಳ್ಳೆಗಳು ಗುಂಪಾಗಿ ಏಳುತ್ತವೆ. ನಿಲ್ಲಿಸಿದರೆ ಮುಖವೆಲ್ಲ ಉರಿ. ಈಗಾಗಲೇ ಹಚ್ಚುತ್ತಿರುವವರು ಟ್ಯೂಬಿನ ಸಮೇತ ಚರ್ಮರೋಗ ತಜ್ಞರಲ್ಲಿಗೆ ಹೋಗಲಿ.

ಆಳದಲ್ಲಿ ನೋಯುವ ಗಂಟು, ಗುಳಿ ಬೀಳುತ್ತಿರುವ ಕಲೆ, ಹುಡುಗಿಯರಲ್ಲಿ ಮುಟ್ಟಿನ ಏರುಪೇರಿನ ಜೊತೆ ಮುಖದ ಕೂದಲು, ಇಲ್ಲವೇ ಮಗು ಹೊರಗೆ ಹೋಗಲೇ ಒಲ್ಲದಂತಾಗಿದ್ದರೆ 12 ವಾರ ಕಾಯಬೇಡಿ. ಇಂಥಲ್ಲಿ ಐಸೊಟ್ರೆಟಿನಾಯಿನ್ ಎಂಬ ನುಂಗುವ ಔಷಧ ಬೇಕಾಗಬಹುದು. ಗರ್ಭದಲ್ಲಿನ ಶಿಶುವಿಗೆ ಅದು ತೀರಾ ಅಪಾಯಕಾರಿ. ರಕ್ತಪರೀಕ್ಷೆ, ಮನಸ್ಥಿತಿಯ ಮೇಲೆ ನಿಗಾ ಎರಡೂ ಅಗತ್ಯ. ತಜ್ಞರ ಕಣ್ಗಾವಲಿಲ್ಲದೆ ಸಲ್ಲದು.

ದಿನವೂ ಕನ್ನಡಿ ನೋಡುವವರಿಗೆ ನಿಧಾನದ ಸುಧಾರಣೆ ಗೊತ್ತಾಗುವುದಿಲ್ಲ. ಮೊದಲ ದಿನ, 6ನೇ ವಾರ, 12ನೇ ವಾರ ಅದೇ ಕಿಟಕಿಯ ಬೆಳಕಿನಲ್ಲಿ ಮುಖದ ಎರಡೂ ಪಕ್ಕದ ಫೋಟೊ ತೆಗೆದಿಟ್ಟುಕೊಳ್ಳಿ. ವೈದ್ಯರ ಬಳಿ ಹೋಗುವಾಗ ಅದನ್ನೇ ತೋರಿಸಿ.

– ಚರ್ಮರೋಗ ತಜ್ಞೆ