ಎಡಕ್ಕೆ ಇಂಡಿಕೇಟರ್ ಹಾಕಿದರೆ ನಾಲ್ಕೂ ಮಿನುಗಿದವು

ಗೆಳೆಯಾ,

ನೀನು ಕೇಳಿದ್ದು ಒಂದೇ ಸಾಲು. "ಹಳೇ ಕಾರಿನ ಹೊರಗಿನ ಲೈಟೆಲ್ಲ ಎಲ್‌ಇಡಿ ಮಾಡ್ಬಿಡ್ಲಾ?" ಉತ್ತರವೂ ಒಂದು ಸಾಲಿನಲ್ಲಿ ಮುಗಿಯುವಂತಿದ್ದರೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆ. ನಾನು ಇದನ್ನ ಒಂದು ಭಾನುವಾರದ ಕೆಲಸ ಅಂದುಕೊಂಡು ಶುರು ಮಾಡಿದೆ. ಮೂರು ವಾರ ಹಿಡಿಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನಗೆ ಈ ಹುಚ್ಚು ಹತ್ತಿದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಸಂಜೆ ನಾನು ಬ್ರೇಕ್ ಒತ್ತಿದೆ. ಹಿಂದಿನಿಂದ ಟೈರ್ ಕಿರುಚಿದ ಸದ್ದು. ನನ್ನ ಬಂಪರಿಗೂ ಅವನ ಬಂಪರಿಗೂ ಒಂದು ಗೇಣು ಇತ್ತೋ ಇಲ್ಲವೋ. ಇಳಿದು ಬಂದವನು ಜಗಳಕ್ಕೆ ನಿಲ್ಲಲಿಲ್ಲ. "ನಿಮ್ಮ ಬ್ರೇಕ್ ಲೈಟ್ ಹತ್ತಿದ್ದೇ ಗೊತ್ತಾಗಲಿಲ್ಲ ಸಾರ್" ಅಂದ. ಅವನು ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.6 ವೋಲ್ಟ್. ಬ್ರೇಕ್ ಲೈಟಿನ ಹೋಲ್ಡರಿನಲ್ಲಿ 10.4. ಎರಡು ವೋಲ್ಟ್ ತಾನೆ, ಏನು ಮಹಾ ಅನ್ನಬೇಡ. ಒಳಗಿನ ಸಣ್ಣ ತಂತಿ (ಫಿಲಮೆಂಟ್) ಕಾದು ಬೆಳಗುವ ಹಳೇ ಬಲ್ಬಿಗೆ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ಸಿಕ್ಕಾಪಟ್ಟೆ ಇಳಿಯುತ್ತದೆ. ಇಷ್ಟಕ್ಕೇ ಹೆಚ್ಚುಕಮ್ಮಿ ಅರ್ಧ ಬೆಳಕು ಹೋಯಿತು. ದೀಪ ಬಿಚ್ಚಿ ನೋಡಿದರೆ ಅರ್ತ್ ಆಗುವ ಜಾಗದಲ್ಲಿ, ಅಂದರೆ ಕರೆಂಟು ಕಾರಿನ ಲೋಹದ ಮೈ ಸೇರಿ ಬ್ಯಾಟರಿಗೆ ವಾಪಸ್ ಹೋಗುವ ಜಾಗದಲ್ಲಿ ತುಕ್ಕು, ಅದರ ಮೇಲೆ ಯಾರೋ ಬಳಿದ ಪೇಂಟು. ಉಪ್ಪುಕಾಗದ ಹಾಕಿ ತಿಕ್ಕಿ, ಹೊಸ ತಂತಿ ಎಳೆದು ಕಾರಿನ ಮೈಗೆ ಬಿಗಿದೆ. 12.1ಕ್ಕೆ ಬಂತು. ಒಂದು ಎಲ್‌ಇಡಿಯನ್ನೂ ಕೊಳ್ಳದೆ ಅರ್ಧ ರೋಗ ವಾಸಿಯಾಗಿತ್ತು! ನೀನೂ ಇಲ್ಲಿಂದಲೇ ಶುರು ಮಾಡು. ಅರ್ತ್ ಸರಿ ಇಲ್ಲದ ಕಾರಿಗೆ ಎಲ್‌ಇಡಿ ಹಾಕಿದರೆ ದೆವ್ವ ಹೊಕ್ಕ ಹಾಗೆ ಎಲ್ಲೆಲ್ಲೋ ಏನೇನೋ ಮಿಣುಕುತ್ತದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಜ. ಆದರೂ ಮುಂದುವರಿದೆ. ಕಾರಣ ಬರೀ ಬೆಳಕಲ್ಲ, ವೇಗ. ಫಿಲಮೆಂಟ್ ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಎಲ್‌ಇಡಿಗೆ ಕಾಯುವ ಗೊಡವೆಯೇ ಇಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಿಂದೆ ಬರುವವನು 0.2 ಸೆಕೆಂಡಿನಲ್ಲಿ ಐದೂವರೆ ಮೀಟರ್ ಬಂದಿರುತ್ತಾನೆ. ಆವತ್ತು ಉಳಿದಿದ್ದು ಒಂದು ಗೇಣು, ನೆನಪಿರಲಿ.

ಈಗ ಬಲ್ಬ್ ವಿಷಯ. ಹಿಂದಿನ ಟೇಲ್ ಮತ್ತು ಬ್ರೇಕಿಗೆ ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್, 21 ವ್ಯಾಟ್ ಮತ್ತು 5 ವ್ಯಾಟ್. ಅದರ ಬುಡದ ಎರಡು ಪಿನ್ನುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ಈ ಬುಡದ ಹೆಸರು ಬಿಎವೈ15ಡಿ. ಇಂಡಿಕೇಟರಿನದು 21 ವ್ಯಾಟಿನ ಒಂಟಿ ಫಿಲಮೆಂಟ್, ಪಿನ್ನು ಎರಡೂ ಒಂದೇ ಎತ್ತರ. ಅದು ಬಿಎ15ಎಸ್. ಹಳೇ ಬಲ್ಬನ್ನ ಕೈಯಲ್ಲೇ ಹಿಡಿದುಕೊಂಡು ಹೋಗಿ ಕೊಂಡುಕೊ, ತಪ್ಪಾಗುವುದಿಲ್ಲ.

ಬಣ್ಣದಲ್ಲಿ ನಾನು ಎಡವಿದೆ. ಗಾಜು ಕೆಂಪಿದೆಯಲ್ಲ, ಒಳಗೆ ಬಿಳಿ ಹಾಕಿದರೆ ಜಾಸ್ತಿ ಬೆಳಕು ಬರುತ್ತೆ ಅಂದುಕೊಂಡೆ. ಹತ್ತಿಸಿ ಹಿಂದೆ ಹೋಗಿ ನಿಂತರೆ ಪೆಚ್ಚು ಗುಲಾಬಿ! ಬಿಳಿ ಎಲ್‌ಇಡಿ ಅನ್ನುವುದು ಹುಟ್ಟಾ ಬಿಳಿಯಲ್ಲ. ನೀಲಿ ಎಲ್‌ಇಡಿಯ ಮೇಲೆ ಹಳದಿ ಪುಡಿಯ ಲೇಪ, ಎರಡೂ ಬೆರೆತು ಕಣ್ಣಿಗೆ ಬಿಳಿ ಕಾಣುತ್ತದೆ. ಅದರಲ್ಲಿ ಕೆಂಪಿನ ಪಾಲೇ ಕಡಿಮೆ. ಇಲ್ಲದ ಕೆಂಪನ್ನ ಗಾಜು ಎಲ್ಲಿಂದ ತರುತ್ತದೆ? ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಇಂಡಿಕೇಟರಿಗೆ ಆಂಬರ್. ಮುಂದಿನ ಪಾರ್ಕಿಂಗ್ ಲೈಟಿಗೆ ಮಾತ್ರ ಬಿಳಿ, ಅದೂ ಹಳದಿ ಛಾಯೆಯ ಬೆಚ್ಚಗಿನ ಬಿಳಿ. ಕ್ರೋಮಿನ ಪಕ್ಕ ಆ ನೀಲಿಬಿಳಿ ಹೊಳಪು ನನಗಂತೂ ಸಹಿಸೋಕಾಗಲ್ಲ.

ಕೆಂಪು ಹಾಕಿದ ಮೇಲೆ ಇನ್ನೊಂದು ತಮಾಷೆ. ನನ್ನ ಟೇಲ್ ಲೈಟಿನ ಕೆಳಗೆ ಒಂದು ಪುಟ್ಟ ಬಿಳಿ ಗಾಜಿನ ಕಿಂಡಿ ಇದೆ. ನಂಬರ್ ಪ್ಲೇಟಿಗೆ ಬೆಳಕು ಬೀಳುವುದು ಅದರಿಂದಲೇ. ಆ ರಾತ್ರಿ ಪ್ಲೇಟ್ ಕುಂಕುಮ ಎರಚಿದ ಹಾಗೆ ಕಾಣುತ್ತಿತ್ತು. ಕಡೆಗೆ ಪ್ಲೇಟಿಗೆ ಅಂತಲೇ ಒಂದು ಸಣ್ಣ ಬಿಳಿ ದೀಪ ಕೂರಿಸಿದೆ. ನಿನ್ನ ಕಾರಿನಲ್ಲೂ ಬಗ್ಗಿ ನೋಡು.

ಮತ್ತೆ, ತುದಿಯಲ್ಲಷ್ಟೇ ಎಲ್‌ಇಡಿ ಇರುವ ಬಲ್ಬ್ ಬೇಡ. ಫಿಲಮೆಂಟ್ ಸುತ್ತಲೂ ಬೆಳಕು ಚೆಲ್ಲುತ್ತಿತ್ತು, ಹಿಂದಿನ ಹೊಳೆಯುವ ಬಟ್ಟಲು ಅದನ್ನ ಬಾಚಿ ಹೊರಗೆ ಎಸೆಯುತ್ತಿತ್ತು. ಬಲ್ಬಿನ ಪಕ್ಕಕ್ಕೂ ಬೆಳಕಿಲ್ಲದಿದ್ದರೆ ನಡುವೆ ಒಂದು ಚುಕ್ಕಿ, ಸುತ್ತ ಕತ್ತಲು. ಹಾಕಿದ ಮೇಲೆ ನಡು ಮಧ್ಯಾಹ್ನ ಯಾರನ್ನಾದರೂ ಇಪ್ಪತ್ತು ಹೆಜ್ಜೆ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತು. ಟೇಲಿಗೂ ಬ್ರೇಕಿಗೂ ವ್ಯತ್ಯಾಸ ಕಾಣದಿದ್ದರೆ ಆ ಜೋಡಿಯನ್ನ ವಾಪಸ್ ಕೊಟ್ಟುಬಿಡು. ನನ್ನ ಮೊದಲ ಜೋಡಿ ಹೋಗಿದ್ದು ಹಾಗೇ.

ಇನ್ನು ಇಂಡಿಕೇಟರ್. ಮೂರು ವಾರದಲ್ಲಿ ಎರಡು ವಾರ ನುಂಗಿದ್ದು ಇದೇ.

ಇಂಡಿಕೇಟರನ್ನ ಮಿನುಗಿಸುವುದು ಫ್ಲಾಷರ್. ಹಳೇ ಫ್ಲಾಷರಿನ ಡಬ್ಬಿಯೊಳಗೆ ಒಂದು ಲೋಹದ ಪಟ್ಟಿ. ಒಂದು ಪಕ್ಕದ ಎರಡು ಬಲ್ಬ್ ಸೇರಿ 42 ವ್ಯಾಟ್, ಅಂದರೆ ಮೂರೂವರೆ ಆಂಪಿಯರ್. ಆ ಕರೆಂಟಿಗೆ ಪಟ್ಟಿ ಕಾಯುತ್ತದೆ, ಬಾಗುತ್ತದೆ, ದೀಪ ಆರುತ್ತದೆ. ತಣ್ಣಗಾಗಿ ನೆಟ್ಟಗಾದರೆ ಮತ್ತೆ ಹತ್ತುತ್ತದೆ. ಎಲ್‌ಇಡಿ ಎಳೆಯುವುದು ಎರಡೂ ಸೇರಿ ಅರ್ಧ ಆಂಪಿಯರೂ ಇಲ್ಲ. ಪಟ್ಟಿಗೆ ಬಿಸಿಯೇ ತಾಗಲಿಲ್ಲ. ಇಂಡಿಕೇಟರ್ ಹತ್ತಿತು, ಹತ್ತಿಕೊಂಡೇ ಇತ್ತು.

ಇದಕ್ಕೆ ಕೆಲವರು, ಫ್ಲಾಷರಿಗೆ ಬೇಕಾದ ಕರೆಂಟು ಎಳೆಯಲಿ ಅಂತ, 6 ಓಮಿನ ರೆಸಿಸ್ಟರ್ ಪಕ್ಕದಲ್ಲಿ ಸೇರಿಸು ಅನ್ನುತ್ತಾರೆ. ಸೇರಿಸಿದೆ. ಬೆರಳು ಸುಟ್ಟುಕೊಂಡೆ. ಅದೊಂದೇ 2 ಆಂಪಿಯರ್ ತಿಂದು ಶಾಖ ಕಾರುತ್ತದೆ. ಉಳಿಸಿದ ಕರೆಂಟನ್ನ ಅಲ್ಲೇ ಸುಡೋದಾದರೆ ಬಲ್ಬ್ ಬದಲಿಸಿದ್ದು ಯಾಕೆ ಅಲ್ವಾ? ಕಿತ್ತು ಬಿಸಾಕಿ ಎಲೆಕ್ಟ್ರಾನಿಕ್ ಫ್ಲಾಷರ್ ತಂದೆ. ಹಳೆಯದಕ್ಕೆ ಎರಡು ಕಾಲು, ಹೊಸದಕ್ಕೆ ಮೂರು. ಮೂರನೆಯದು ಅರ್ತಿಗೆ. ಒಳಗೆ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್ಚು) ಇರುವುದನ್ನೇ ಕೇಳಿ ತಗೋ, ಆ ಟಿಕ್ ಟಿಕ್ ಸದ್ದು ಉಳಿಯುತ್ತದೆ. ಸದ್ದಿಲ್ಲದ ಇಂಡಿಕೇಟರ್ ಹಾಕಿಕೊಂಡು ನಾನು ಒಂದು ದಿನ ಪೂರ್ತಿ ಎಡಕ್ಕೆ ತಿರುಗುವವನ ಹಾಗೇ ಓಡಾಡಿದ್ದೇನೆ.

ಗೆದ್ದೆ ಅಂದುಕೊಂಡು ರಾತ್ರಿ ಎಡಕ್ಕೆ ಇಂಡಿಕೇಟರ್ ಹಾಕಿದೆ. ಎಡ, ಬಲ, ಹಿಂದೆ, ಮುಂದೆ, ನಾಲ್ಕೂ ಮಿನುಗಿದವು. ಬಲಕ್ಕೆ ಹಾಕಿದೆ. ಮತ್ತೆ ನಾಲ್ಕೂ. ವೈರಿಂಗ್ ಎಲ್ಲ ಬಿಚ್ಚಿ ಹರಡಿಕೊಂಡು ಎರಡು ರಾತ್ರಿ ಕೂತೆ. ಕಳ್ಳ ಇದ್ದದ್ದು ಡ್ಯಾಷ್‌ಬೋರ್ಡಿನಲ್ಲಿ. ಅಲ್ಲಿ ಎರಡೂ ಪಕ್ಕಕ್ಕೆ ಸೇರಿ ಒಂದೇ ಹಸಿರು ದೀಪ. ಅದರ ಒಂದು ತಂತಿ ಎಡಕ್ಕೆ, ಇನ್ನೊಂದು ಬಲಕ್ಕೆ. ಅರ್ತ್ ಅಂತ ಬೇರೆ ಇಲ್ಲ. ಎಡಕ್ಕೆ ಹಾಕಿದಾಗ ಕರೆಂಟು ಆ ಪುಟ್ಟ ದೀಪದ ಮೂಲಕ ಹಾದು, ಬಲಗಡೆಯ ತಣ್ಣನೆಯ ಫಿಲಮೆಂಟಿನ ದಾರಿಯಲ್ಲಿ ಅರ್ತಿಗೆ ಹೋಗುತ್ತಿತ್ತು. ಅಷ್ಟು ಸಣ್ಣ ಕರೆಂಟಿಗೆ 21 ವ್ಯಾಟಿನ ಬಲ್ಬ್ ಕಣ್ಣೂ ಬಿಡುವುದಿಲ್ಲ. ಎಲ್‌ಇಡಿಗೆ ಅದೇ ಹಬ್ಬದೂಟ.

ಮದ್ದು ಎರಡು ಡಯೋಡ್, ಕರೆಂಟನ್ನ ಒಂದೇ ದಿಕ್ಕಿಗೆ ಬಿಡುವ ಪುಟ್ಟ ಕಾವಲುಗಾರ. 1ಎನ್4007 ಸಾಕು, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ. ಎಡದ ತಂತಿಗೊಂದು, ಬಲದ ತಂತಿಗೊಂದು. ಬೆಳ್ಳಿ ಗೆರೆ ಇರುವ ತುದಿಗಳೆರಡನ್ನೂ ಸೇರಿಸಿ ಹಸಿರು ದೀಪದ ಒಂದು ಕಾಲಿಗೆ ಬೆಸೆ. ದೀಪದ ಇನ್ನೊಂದು ಕಾಲನ್ನ ಅರ್ತ್ ಮಾಡು. ಆದರೆ ನಿನ್ನ ಕಾರು ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಮೈಗೆ ಸೇರಿರುತ್ತದೆ; ನನ್ನದು ನೆಗೆಟಿವ್. ಹಾಗಾಗಿ ನಿನಗೆ ಗೆರೆಯ ತುದಿ ದೀಪದ ಕಡೆಗಲ್ಲ, ಆಚೆ ಕಡೆಗೆ ಬರಬೇಕು. ಬಲ್ಬ್, ಫ್ಲಾಷರ್ ಕೊಳ್ಳುವಾಗಲೂ ಪಾಸಿಟಿವ್ ಅರ್ತಿಗೆ ಆಗುತ್ತಾ ಅಂತ ಕೇಳದೆ ತರಬೇಡ. ಎಲ್‌ಇಡಿ ಉಲ್ಟಾ ಹಾಕಿದರೆ ಹತ್ತುವುದೇ ಇಲ್ಲ.

ಹೆಡ್‌ಲೈಟಿಗೆ ಮಾತ್ರ ಕೈ ಹಾಕಬೇಡ. ಅದರ ಎಚ್4 ಅನ್ನುವ ಬಲ್ಬಿನೊಳಗೆ ಡಿಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ತಟ್ಟೆ ಇರುತ್ತದೆ, ಎದುರು ಬರುವವರ ಕಣ್ಣಿಗೆ ಬೆಳಕು ಹೊಡೆಯದಿರಲಿ ಅಂತ. ಬಟ್ಟಲು, ಗಾಜಿನ ಗೆರೆ ಎಲ್ಲ ಆ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ಎಲ್‌ಇಡಿ ತುರುಕಿದರೆ ನಿನಗೆ ಬೆಳಕು, ಎದುರಿನವನಿಗೆ ಕುರುಡು. ತಪಾಸಣೆಯಲ್ಲಿ ಸಿಕ್ಕಿಬೀಳುವ ಜಾಗವೂ ಅದೇ. ನಾನು 55/60 ವ್ಯಾಟಿನ ಹಾಲೊಜನ್ ಹಾಗೇ ಬಿಟ್ಟು, ಎರಡು ರಿಲೇ ಹಾಕಿ ಬ್ಯಾಟರಿಯಿಂದ ದಪ್ಪ ತಂತಿ ಎಳೆದೆ. ಹಳೇ ಸ್ವಿಚ್ಚಿನ ಮೇಲಿನ ಹೊರೆ ಇಳಿಯಿತು, ಬೆಳಕು ಎದ್ದು ಕಾಣುವಷ್ಟು ಹೆಚ್ಚಿತು.

ಈಗ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಆಂಪಿಯರ್ ಮುಳ್ಳು ಮೊದಲಿನ ಹಾಗೆ ದೊಪ್ಪನೆ ಬೀಳುವುದಿಲ್ಲ. ಡೈನಮೋಗೂ ಸ್ವಲ್ಪ ಉಸಿರು ಬಂದಿದೆ. ಒಂದೇ ಕೊರತೆ, ಬಲ್ಬಿನ ಬಿಸಿ ಇಲ್ಲದ್ದರಿಂದ ಮಳೆ ನಿಂತ ಮೇಲೂ ಗಾಜಿನೊಳಗಿನ ಮಂಜು ಬೇಗ ಆರುವುದಿಲ್ಲ. ರಬ್ಬರ್ ವಾಷರ್ ಬದಲಿಸಬೇಕು, ಇನ್ನೂ ಮಾಡಿಲ್ಲ.

ಹಳೇ ಬಲ್ಬುಗಳನ್ನ ಎಸೆಯಬೇಡ, ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಡು. ಈ ಕವರಿನಲ್ಲಿ ನಾಲ್ಕು ಡಯೋಡ್ ಹಾಕಿದ್ದೇನೆ. ಬೇಕಾಗುವುದು ಎರಡೇ. ಉಳಿದೆರಡು ನೀನು ಸೀಟಿನ ಕೆಳಗೆ ಬೀಳಿಸಿಕೊಂಡು ಹುಡುಕೋದಕ್ಕೆ.

ನಿನ್ನವ